ಗೇಟಿನಾಚೆಯ ಮೂರಡಿ ಮಣ್ಣು

ಮನೆ ಕಟ್ಟಿಸುವಾಗ ಎಂಜಿನಿಯರ್ ಬರೆದುಕೊಟ್ಟ ನಕ್ಷೆಯಲ್ಲಿ ದೇವರ ಮನೆಯ ಗೂಡಿನಿಂದ ಹಿಡಿದು ಸಂಪಿನ ಮುಚ್ಚಳದವರೆಗೆ ಎಲ್ಲದಕ್ಕೂ ಅಳತೆಯಿತ್ತು. ಕಾಂಪೌಂಡ್ ಗೋಡೆಯನ್ನು ಸೂಚಿಸುವ ಜೋಡಿಗೆರೆಯ ಆಚೆಗೆ ಮಾತ್ರ ‘ರಸ್ತೆ’ ಎಂಬ ಒಂದೇ ಪದವಿತ್ತು. ನಿಜದಲ್ಲಿ ಗೋಡೆ ಮುಗಿದ ಕೂಡಲೇ ರಸ್ತೆ ಶುರುವಾಗುವುದಿಲ್ಲ. ಗೋಡೆಯ ಬುಡದಿಂದ ಸುಮಾರು ಮೂರಡಿ ಅಗಲದ ಮಣ್ಣಿನ ಪಟ್ಟಿ, ಆಮೇಲೆ ಚಪ್ಪಡಿ ಮುಚ್ಚಿದ ಚರಂಡಿ, ಅದರಾಚೆಗೆ ಟಾರು. ಮೈಸೂರಿನ ನಮ್ಮ ನಿವೇಶನ 40ಕ್ಕೆ 60ರದ್ದು, ಸಾಲದೆಂಬಂತೆ ಮೂಲೆಯದ್ದು. ಪೂರ್ವಕ್ಕೆ 40 ಅಡಿ, ಉತ್ತರಕ್ಕೆ 60 ಅಡಿ, ಒಟ್ಟು ನೂರಡಿ ಉದ್ದಕ್ಕೆ ಬೀದಿಗೆ ಮುಖಮಾಡಿ ನಿಂತಿದೆ. ಅಂದರೆ ಮುನ್ನೂರು ಚದರಡಿ ನೆಲ. ಅದು ನನ್ನ ಖಾತೆಯಲ್ಲಿಲ್ಲ, ಅದಕ್ಕೆ ನಾನು ಕಂದಾಯ ಕಟ್ಟುವುದೂ ಇಲ್ಲ. ಆದರೂ ನಮ್ಮ ಮನೆಯನ್ನು ನೋಡುವವರು ಮೊದಲು ನೋಡುವುದು ಅದನ್ನೇ. ಹದಿನಾಲ್ಕು ವರ್ಷಗಳಿಂದ ಈ ಮುನ್ನೂರು ಚದರಡಿಯ ಜೊತೆ ನಡೆಸಿಕೊಂಡು ಬಂದ ವ್ಯವಹಾರವನ್ನು, ಮಾಡಿದ ತಪ್ಪುಗಳ ಸಮೇತ, ಬರೆದಿಡಬೇಕೆನಿಸಿದೆ.

ಅರಸೀಕೆರೆ ಕಡೆಯ ನನ್ನ ಅಜ್ಜನ ಊರಿನಲ್ಲಿ ಈ ಸಮಸ್ಯೆಯೇ ಇರಲಿಲ್ಲ. ಅಲ್ಲಿ ಮನೆಗೂ ಬೀದಿಗೂ ನಡುವೆ ಇದ್ದದ್ದು ಜಗಲಿ. ಬಿಸಿಲಿಗೆ ಬಂದವರು ಕೂರುತ್ತಿದ್ದರು, ಮಳೆಗೆ ಸಿಕ್ಕಿದವರು ನಿಲ್ಲುತ್ತಿದ್ದರು, ಬಳೆಗಾರರು ಮಲಾರ ಇಳಿಸುತ್ತಿದ್ದರು. ಜಗಲಿಯ ಕೆಳಗೆ ಅಜ್ಜಿ ದಿನವೂ ಸಗಣಿಯಿಂದ ಸಾರಿಸಿ ರಂಗೋಲಿ ಇಡುತ್ತಿದ್ದ ಜಾಗ ಕಾಗದದ ಲೆಕ್ಕದಲ್ಲಿ ಬೀದಿಯೇ. ಅದನ್ನು ಒತ್ತುವರಿ ಎಂದವರಿಲ್ಲ. ಬೀದಿಯನ್ನು ನಾನೇಕೆ ಗುಡಿಸಲಿ ಎಂದು ಅಜ್ಜಿಯೂ ಕೇಳಲಿಲ್ಲ. ಬೇಲಿ ಇದ್ದದ್ದು ಹಿತ್ತಲಿಗೆ ಮತ್ತು ಹೊಲಕ್ಕೆ: ಕತ್ತಾಳೆ, ಕಳ್ಳಿ, ಲಕ್ಕಿ, ಆಡುಸೋಗೆ. ಅವೆಲ್ಲ ದನ, ಮೇಕೆಗಳನ್ನು ದೂರವಿಡಲು. ಮನೆಯ ಮುಂಭಾಗಕ್ಕೆ ಬೇಲಿ ಹಾಕುವುದೆಂದರೆ ಮನುಷ್ಯರನ್ನೂ ಆ ಲೆಕ್ಕಕ್ಕೆ ಸೇರಿಸಿದಂತೆ ಆಗುತ್ತಿತ್ತೋ ಏನೋ.

ಪಟ್ಟಣಗಳಲ್ಲಿ ಮನೆ ಬೀದಿಯಿಂದ ಹಿಂದೆ ಸರಿದದ್ದು ತೀರ ಹಳೆಯ ಕಥೆಯಲ್ಲ. 1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ಟ್ರಸ್ಟ್ ಬೋರ್ಡು ಸ್ಥಾಪನೆಯಾಯಿತು. ಗಾಳಿ ಬೆಳಕು ಬೇಕು, ಮನೆಗಳು ಒಂದಕ್ಕೊಂದು ಅಂಟಿಕೊಂಡಿರಬಾರದು, ರಸ್ತೆ ಅಗಲವಿರಬೇಕು ಎಂಬ ಆಲೋಚನೆಯೇ ಆ ಬಡಾವಣೆಗಳ ಬುನಾದಿ. ಹಾಗೆ ಮನೆ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಯಿತು, ಮುಂದೆ ಅಂಗಳ ಬಂತು, ಅಂಗಳಕ್ಕೆ ಗೋಡೆ ಬಂತು, ಗೋಡೆಗೆ ಗೇಟು ಬಂತು, ಜಗಲಿ ಹೋಯಿತು. ಹಿತ್ತಲನ್ನು ಹೇಗೆ ನೋಡಿಕೊಳ್ಳಬೇಕೆಂದು ಹೇಳಿಕೊಡಲು ನಮಗೆ ಹಿರಿಯರಿದ್ದರು. ಬೀದಿಬದಿಯ ಅಂಚಿನ ವಿಷಯದಲ್ಲಿ ಹಾಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ಮೊದಲು ದಂಡುಪ್ರದೇಶದ ಬಂಗಲೆಗಳನ್ನು ನೋಡಿದೆವು, ಆಮೇಲೆ ಸಿನಿಮಾದ ಮನೆಗಳನ್ನು, ಈಗ ಲೇಔಟಿನವರ ಬಣ್ಣದ ಪುಸ್ತಿಕೆಗಳನ್ನು ನೋಡುತ್ತಿದ್ದೇವೆ.

ನಾನು ನೋಡಿದ್ದೂ ಅದನ್ನೇ. ಗೃಹಪ್ರವೇಶಕ್ಕೆ ಮೂರು ವಾರವಿರುವಾಗ ನರ್ಸರಿಯಿಂದ ಮೆಕ್ಸಿಕನ್ ಹುಲ್ಲಿನ ಹಾಸುಗಳನ್ನು ತರಿಸಿ, ಗೋಡೆಯ ಹೊರಗೆ ನೂರಡಿಯೂ ಹಾಸಿಸಿ, ಗೋಡೆಯ ಬುಡಕ್ಕೆ ಹಳದಿ ಎಲೆಯ ಡುರಾಂಟಾ ಸಾಲು ನೆಡಿಸಿದೆ. ಗೃಹಪ್ರವೇಶದ ದಿನ ಬಂದವರೆಲ್ಲ ಹೊಗಳಿದರು. ಹುಲ್ಲು ಆ ಬೇಸಿಗೆಯನ್ನು ದಾಟಲಿಲ್ಲ. ಒಂದಷ್ಟು ಭಾಗದ ಮೇಲೆ ಯಾರದೋ ಕಾರು ನಿಂತಿತು, ಒಂದಷ್ಟನ್ನು ನಾಯಿಗಳು ಕೆದಕಿದವು, ಉಳಿದದ್ದಕ್ಕೆ ಕುಡಿಯುವ ನೀರನ್ನು ದಿನಾ ಸುರಿಯಲು ನನಗೇ ನಾಚಿಕೆಯಾಯಿತು. ಕಾರಣವನ್ನು ಆಮೇಲೆ ಅಗೆದು ನೋಡಿದೆ. ನಾಲ್ಕು ಅಂಗುಲ ಕೆಮ್ಮಣ್ಣಿನ ಕೆಳಗೆ ಇದ್ದದ್ದು ಮನೆ ಕಟ್ಟಿದಾಗ ಉಳಿದ ಜಲ್ಲಿ, ಒಡೆದ ಇಟ್ಟಿಗೆ, ಗಟ್ಟಿಯಾದ ಸಿಮೆಂಟಿನ ಹೆಂಟೆಗಳು ಮತ್ತು ಒಂದು ಮೇಸ್ತ್ರಿಯ ಕರಣೆ. ಬೀದಿಬದಿಯ ಮಣ್ಣೆಂದರೆ ಎಲ್ಲ ಮನೆಗಳ ಮುಂದೆಯೂ ಬಹುಪಾಲು ಹೀಗೆಯೇ. ಗಿಡದ ಆಯ್ಕೆಗೆ ಮೊದಲು ಒಂದೂವರೆ ಅಡಿ ಆಳಕ್ಕೆ ಅಗೆದು ಈ ಕಸವನ್ನು ತೆಗೆಸಿ, ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣು ತುಂಬಿಸದೆ ಅಲ್ಲಿ ಏನು ನೆಟ್ಟರೂ ಅದು ಹೂಕುಂಡದಲ್ಲಿ ಬೆಳೆದಂತೆ ಬೆಳೆಯುತ್ತದೆ. ಈ ಕೆಲಸಕ್ಕೆ ಆದ ಖರ್ಚು ಗಿಡಗಳಿಗೆ ಆದದ್ದಕ್ಕಿಂತ ಹೆಚ್ಚು; ಇವತ್ತಿಗೂ ನನಗೆ ಬೇಸರವಿಲ್ಲದ ಖರ್ಚು ಅದೊಂದೇ.

ಡುರಾಂಟಾ ಮಾತ್ರ ಆ ಕಸದಲ್ಲೂ ಬದುಕಿತು. ಬದುಕಿದ್ದಷ್ಟೇ ಅಲ್ಲ, ನಾಲ್ಕು ವರ್ಷದಲ್ಲಿ ಎದೆಮಟ್ಟ ಬೆಳೆದು ಗೋಡೆಯ ಹೊರಗೆ ಇನ್ನೊಂದು ಗೋಡೆಯಾಯಿತು. ತಿಂಗಳಿಗೊಮ್ಮೆ ಕತ್ತರಿ ಆಡಿಸದಿದ್ದರೆ ಕೆದರಿದ ತಲೆಯಂತೆ ಕಾಣುತ್ತಿತ್ತು. ಆಡಿಸಿದರೆ ಹೂ ಬಿಡುತ್ತಿರಲಿಲ್ಲ, ಹೂವಿಲ್ಲದ್ದರಿಂದ ಚಿಟ್ಟೆಯೂ ಸುಳಿಯುತ್ತಿರಲಿಲ್ಲ. ಒಂದು ಸಂಜೆ ಉತ್ತರದ ರಸ್ತೆಯಿಂದ ಸೈಕಲ್ಲಿನಲ್ಲಿ ಬಂದ ಹುಡುಗನೊಬ್ಬ, ಪೂರ್ವದ ರಸ್ತೆಯಿಂದ ಬಂದ ಸ್ಕೂಟರು, ಇಬ್ಬರೂ ನಮ್ಮ ಮೂಲೆಯಲ್ಲಿ ಒಬ್ಬರಿಗೊಬ್ಬರು ಕಾಣದೆ ಎದುರಾದರು. ಹುಡುಗನ ಮೊಣಕೈ ತರಚಿತು, ಸ್ಕೂಟರಿನ ದೀಪ ಒಡೆಯಿತು, ಅಷ್ಟಕ್ಕೆ ಮುಗಿಯಿತು. ಸ್ಕೂಟರಿನವರು ನನ್ನನ್ನು ಬೈಯಲಿಲ್ಲ. ‘ಈ ಗಿಡ ಸ್ವಲ್ಪ ಕತ್ತರಿಸಿ ಸಾರ್’ ಎಂದಷ್ಟೇ ಹೇಳಿ ಹೋದರು. ಆ ರಾತ್ರಿಯೇ ಟೇಪು ಹಿಡಿದು ಅಳೆದೆ. ಮೂಲೆಯಿಂದ ಎರಡೂ ಕಡೆಗೆ ಹದಿನೈದು ಅಡಿಯವರೆಗೆ ಮೊಣಕಾಲಿಗಿಂತ ಎತ್ತರದ್ದೇನೂ ಇರಬಾರದೆಂಬ ನಿಯಮವನ್ನು ನನಗೆ ನಾನೇ ಹಾಕಿಕೊಂಡೆ. ಮರುದಿನ ಬೆಳಿಗ್ಗೆ ಆ ಮೂವತ್ತಡಿಯ ಡುರಾಂಟಾ ಬೇರುಸಹಿತ ಹೋಯಿತು. ವರ್ಷ ಕಳೆಯುವಷ್ಟರಲ್ಲಿ ಉಳಿದದ್ದೂ ಹೋಯಿತು.

ಕಿತ್ತ ಜಾಗವನ್ನು ಹಾಗೇ ಬಿಟ್ಟದ್ದು ಎರಡನೆಯ ತಪ್ಪು. ಬೀದಿಬದಿಯ ಬರಿನೆಲ ಬಹಳ ದಿನ ಬರಿದಾಗಿರುವುದಿಲ್ಲ. ಮೊದಲ ಮಳೆಗೆ ಪಾರ್ಥೇನಿಯಂ ಹುಟ್ಟಿತು. ನಮ್ಮ ಕಡೆ ಅದನ್ನು ಕಾಂಗ್ರೆಸ್ ಹುಲ್ಲು ಎನ್ನುತ್ತಾರೆ. ಅಮೆರಿಕದ ಈ ಕಳೆ 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ಅಲ್ಲಿಂದ ದೇಶವನ್ನೆಲ್ಲ ಹಬ್ಬಿದ್ದು. ಅದನ್ನು ತಿನ್ನುತ್ತದೆಂದು ಮೆಕ್ಸಿಕೋದಿಂದ ತಂದ ಜೀರುಂಡೆಯನ್ನು ಬಿಟ್ಟದ್ದು ನಮ್ಮ ಬೆಂಗಳೂರಿನಲ್ಲಿ, 1984ರಲ್ಲಿ. ಮಳೆಗಾಲದಲ್ಲಿ ಆ ಜೀರುಂಡೆ ಈಗಲೂ ನಮ್ಮ ಬೀದಿಯಲ್ಲಿ ಸಿಗುತ್ತದೆ, ಹೊಟ್ಟೆತುಂಬ ತಿನ್ನುತ್ತದೆ. ಆದರೂ ಕಳೆ ಉಳಿದೇ ಇದೆ. ಕಳೆಯ ಹಿಂದೆಯೇ ಒಂದು ಕಪ್ಪು ಕವರು ಬಂತು. ಒಂದು ಕವರು ಬಿದ್ದ ಮೂಲೆಗೆ ಮರುದಿನ ನಾಲ್ಕು ಬೀಳುತ್ತವೆ, ವಾರದಲ್ಲಿ ಅದೊಂದು ತಿಪ್ಪೆ. ಆಮೇಲೆ ರಾತ್ರಿ ಹೊತ್ತು ಗೋಡೆಯ ಕಡೆ ಮುಖಮಾಡಿ ನಿಲ್ಲುವವರು. ಇದಕ್ಕೆ ನಮ್ಮ ಊರುಗಳಲ್ಲಿ ಒಂದು ಸಿದ್ಧ ಪರಿಹಾರವಿದೆ: ಗೋಡೆಗೆ ಸಾಲಾಗಿ ದೇವರ ಟೈಲ್ಸ್ ಅಂಟಿಸುವುದು. ದೇವರನ್ನು ಮೂತ್ರ ಕಾಯುವ ಕೆಲಸಕ್ಕೆ ನಿಲ್ಲಿಸುವುದು ನನಗೆ ಯಾವತ್ತೂ ಸರಿಕಂಡಿಲ್ಲ. ಎದುರು ಮನೆಯವರು ಅಂಟಿಸಿದರು, ನಾನು ಅಂಟಿಸಲಿಲ್ಲ. ಬದಲಿಗೆ ಮೂಲೆಯ ಮೂವತ್ತಡಿಯನ್ನು ಗುಡಿಸಿ, ಅಂಚಿಗೆ ಸೈಜುಗಲ್ಲು ಜೋಡಿಸಿ, ಕನಕಾಂಬರ ನೆಟ್ಟೆ. ಮೊಣಕಾಲು ದಾಟದ ಗಿಡ, ಅರೆನೆರಳಿದ್ದರೂ ಹೂ ಬಿಡುತ್ತದೆ, ಒಣಗಿದ ಕಾಯಿಗೆ ಮಳೆಹನಿ ತಾಕಿದರೆ ಪಟ್ಟೆಂದು ಸಿಡಿದು ಬೀಜ ತಾನೇ ಹರಡುತ್ತದೆ. ಕಸ ಹಾಕುವವರು ಪೂರ್ತಿ ನಿಂತರೆಂದು ಹೇಳಲಾರೆ. ಆದರೆ ಯಾರೋ ನೋಡಿಕೊಳ್ಳುತ್ತಿದ್ದಾರೆಂದು ಕಾಣುವ ಜಾಗಕ್ಕೆ ಕವರು ಎಸೆಯಲು ಕೈ ಸ್ವಲ್ಪ ಹಿಂಜರಿಯುತ್ತದೆ. ಅದನ್ನು ಕಿಟಕಿಯಿಂದ ನಾನೇ ಕಂಡಿದ್ದೇನೆ.

ಉಳಿದ ಎಪ್ಪತ್ತು ಅಡಿಗೆ ಏನೆಂಬುದನ್ನು ತೀರ್ಮಾನಿಸಿದ್ದು ಬೀದಿಯೇ. ಮೊದಲು ದಾಸವಾಳದ ಸಾಲು ಹಾಕಿದೆ. ಬೀಡಾಡಿ ದನಗಳು ಒಂದೇ ರಾತ್ರಿಗೆ ಕಡ್ಡಿ ಉಳಿಸಿದವು. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ಗೊತ್ತಿತ್ತು. ಬೇಲಿಯನ್ನೇ ಮೇಯುವುದನ್ನು ಕಂಡದ್ದು ಆಗಲೇ. ದನ ಮುಟ್ಟದ ಗಿಡ ಬೇಕೆಂದು ಕೇಳಿದಾಗ ನರ್ಸರಿಯವನು ಕಣಗಿಲೆ ಎಂದ. ಸರಿಯಾದ ಉತ್ತರವೇ: ಹೆದ್ದಾರಿಗಳ ನಡುವಿನ ಪಟ್ಟಿಯಲ್ಲಿ ಅದನ್ನು ನೆಡುವುದು ಹೊಗೆ, ಬಿಸಿಲು, ಬರ ಎಲ್ಲವನ್ನೂ ತಡೆಯುತ್ತದೆಂದು, ದನ ಬಾಯಿ ಹಾಕುವುದಿಲ್ಲವೆಂದು. ಆದರೆ ದನ ಬಾಯಿ ಹಾಕದಿರುವುದು ಅದು ಬೇರಿನಿಂದ ಹೂವಿನವರೆಗೆ ವಿಷವಾದದ್ದರಿಂದಲೇ. ಕತ್ತರಿಸಿದ ಕಡ್ಡಿಯನ್ನು ಒಲೆಗೂ ಹಾಕಬಾರದು. ನಮ್ಮ ಬೀದಿಯಲ್ಲಿ ಒಂದು ಶಿಶುವಿಹಾರವಿದೆ, ಮಕ್ಕಳು ನಡೆದು ಹೋಗುವಾಗ ಕೈಗೆ ಸಿಕ್ಕಿದ ಎಲೆ ಕೀಳುತ್ತಾರೆ, ಕಿತ್ತದ್ದು ಬಾಯಿಗೆ ಹೋಗುತ್ತದೆ. ಶಿವನಿಗೆ ಪ್ರಿಯವೆಂದು ಅಮ್ಮ ಹಟ ಹಿಡಿದದ್ದರಿಂದ ಒಂದೇ ಒಂದು ಕಣಗಿಲೆ ಗೋಡೆಯ ಒಳಗೆ ಉಳಿದಿದೆ. ಹೊರಗೆ ಅಜ್ಜನ ಹಿತ್ತಲಿನ ಬೇಲಿಯೇ ಬಂತು: ಲಕ್ಕಿ ಮತ್ತು ಆಡುಸೋಗೆ. ಎರಡನ್ನೂ ದನ ಮೇಕೆ ಮುಟ್ಟುವುದಿಲ್ಲ, ಎರಡೂ ಕಡ್ಡಿ ನೆಟ್ಟರೆ ಚಿಗುರುತ್ತವೆ, ನೀರು ಕಾಯುವುದಿಲ್ಲ. ಲಕ್ಕಿಯ ನೇರಿಳೆ ಹೂವಿಗೆ ಜೇನು ಬರುತ್ತದೆ; ಆಡುಸೋಗೆಯ ಎಲೆ ಕೆಮ್ಮಿಗೆಂದು ಬೀದಿಯ ಅಜ್ಜಿಯರು ಕೇಳಿ ಕಿತ್ತೊಯ್ಯುತ್ತಾರೆ. ಹೊಸ ಬಡಾವಣೆಯ ಗೆಳೆಯರೊಬ್ಬರು ಬಂದು ನೋಡಿ, ‘ಇದೇನು ಹೊಲದ ಬದು ಇದ್ದಂತಿದೆಯಲ್ಲ’ ಎಂದರು. ನಾನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ.

ಗೇಟಿನ ಆಸುಪಾಸಿಗೆ ಬೇರೆ ಲೆಕ್ಕ. ಅಲ್ಲಿ ಕಮಾನಿನ ಮೇಲೆ ಕಾಗದದ ಹೂವಿನ ಬಳ್ಳಿ ಹಬ್ಬಿಸಿದ್ದೆ, ಬೇಸಿಗೆಯಲ್ಲಿ ಎಲೆಯೇ ಕಾಣದಷ್ಟು ಹೂ. ಕೊರಿಯರ್ ಹುಡುಗನ ತೋಳು ಅದರ ಮುಳ್ಳಿಗೆ ಸಿಕ್ಕಿ ಅಂಗಿ ಹರಿದ ದಿನ ನನಗೆ ಗೊತ್ತಾಯಿತು, ಗೇಟಿನ ಮುಂದೆ ನಿಂತು ಕಾಯುವವರು ಎಷ್ಟೊಂದು ಜನ ಎಂದು: ಹಾಲಿನವನು, ಪೇಪರಿನವನು, ಗ್ಯಾಸ್ ಸಿಲಿಂಡರಿನವನು, ಮೀಟರ್ ನೋಡುವವನು, ದೇವಸ್ಥಾನದ ಚಂದಾಕ್ಕೆ ಬರುವವರು. ನೀರಿನ ಮೀಟರಿನ ಗುಂಡಿಯಂತೂ ಹೊರಗಿನ ಪಟ್ಟಿಯಲ್ಲೇ ಇದೆ. ಒಮ್ಮೆ ಗಿಡ ಹಬ್ಬಿ ಅದು ಮುಚ್ಚಿಹೋಗಿ ಮೂರು ತಿಂಗಳು ಅಂದಾಜಿನ ಬಿಲ್ಲು ಬಂತು. ಈಗ ಗೇಟಿನ ಎರಡೂ ಕಡೆ ಮೂರು ಮೂರಡಿ ಕಲ್ಲು ಹಾಸಿದ ಬರಿಜಾಗವಿದೆ. ಅಮ್ಮ ರಂಗೋಲಿ ಇಡುವುದೂ ಅಲ್ಲೇ. ಗಿಡ ನೆಡದೆ ಬಿಟ್ಟ ಜಾಗವೂ ನೆಟ್ಟಷ್ಟೇ ಯೋಚಿಸಿ ಬಿಡಬೇಕಾದದ್ದು.

ಹೂ ಕೀಳುವವರ ವಿಷಯ ಹೇಳದೆ ಬೀದಿಬದಿಯ ತೋಟದ ಮಾತು ಪೂರ್ತಿಯಾಗುವುದಿಲ್ಲ. ಮೈಸೂರಿನ ಯಾವ ಬಡಾವಣೆಯಲ್ಲಾದರೂ ಬೆಳಗಿನ ಐದೂವರೆಗೆ ಎದ್ದು ನೋಡಿ. ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ಕೊಕ್ಕೆ ಕಟ್ಟಿದ ದೋಟಿ ಹಿಡಿದು, ವಾಯುವಿಹಾರದ ನೆಪದಲ್ಲಿ ಊರಿನ ಹೂವನ್ನೆಲ್ಲ ಸುತ್ತಿಬರುವ ಹಿರಿಯರು ಕಾಣುತ್ತಾರೆ. ಕೇಳಿದರೆ ‘ದೇವರಿಗಲ್ಲವೇ’ ಎನ್ನುತ್ತಾರೆ. ನೆಟ್ಟವರು ಎದ್ದು ಬರುವಷ್ಟರಲ್ಲಿ ಗಿಡದಲ್ಲಿ ಎಲೆ ಮಾತ್ರ. ಅಮ್ಮನಿಗೆ ಇದು ದೊಡ್ಡ ಸಂಕಟವಾಗಿತ್ತು. ಗೋಡೆಯೊಳಗಿನ ನಂದಿಬಟ್ಟಲಿನ ಕೊಂಬೆ ಹೊರಕ್ಕೆ ಚಾಚಿದ್ದು, ಅದನ್ನು ಎಳೆದು ಬಗ್ಗಿಸಿ ಕೊಂಬೆಯನ್ನೇ ಮುರಿದುಹಾಕುತ್ತಿದ್ದರು. ‘ನಮ್ಮನೆ ಹೂ, ನಮ್ಮ ದೇವರಿಗೇ ಇಲ್ಲವಲ್ಲೋ’ ಎಂದು ಅಮ್ಮ ಬೆಳಗಾಗೆದ್ದು ಗೊಣಗುತ್ತಿದ್ದಳು. ಕೆಲವರು ಬೋರ್ಡು ಹಾಕುತ್ತಾರೆ, ಕೆಲವರು ನಾಲ್ಕೂವರೆಗೇ ಎದ್ದು ತಾವೇ ಮೊಗ್ಗು ಕಿತ್ತಿಟ್ಟುಕೊಳ್ಳುತ್ತಾರೆ, ಒಬ್ಬರಂತೂ ಗಿಡಕ್ಕೆ ಸೊಳ್ಳೆಪರದೆ ಕಟ್ಟಿದ್ದರು.

ನಾನು ಮಾಡಿದ್ದು ಸರಳ. ಒಳಗಿನ ಗಿಡಗಳನ್ನು ಗೋಡೆಯಿಂದ ನಾಲ್ಕಡಿ ಒಳಕ್ಕೆ ಸರಿಸಿ, ಗೋಡೆಯ ಹೊರಗೆ ಅವರಿಗಾಗಿಯೇ ನೆಟ್ಟೆ: ಎರಡು ನಂದಿಬಟ್ಟಲು, ಒಂದು ಪಾರಿಜಾತ, ದನದ ಬಾಯಿಗೆ ಸಿಗದಷ್ಟು ಎತ್ತರ ಬರುವವರೆಗೆ ಮುಳ್ಳುಕಟ್ಟಿ ಬೆಳೆಸಿದ ಒಂದು ಕೆಂಪು ದಾಸವಾಳ. ಕೈಗೆ ಎಟುಕುವಂತೆ ಏಳಡಿಗೆ ಕತ್ತರಿಸಿ ನಿಲ್ಲಿಸಿದರೆ ದೋಟಿ ಬೇಕಾಗುವುದಿಲ್ಲ, ಕೊಂಬೆ ಮುರಿಯುವುದಿಲ್ಲ. ಪಾರಿಜಾತಕ್ಕಂತೂ ದೋಟಿಯ ಪ್ರಶ್ನೆಯೇ ಇಲ್ಲ; ಬೇರೆ ಯಾವ ಹೂವನ್ನೂ ನೆಲದಿಂದ ಆಯ್ದು ದೇವರಿಗೆ ಏರಿಸದ ನಮ್ಮ ಜನ ಪಾರಿಜಾತವನ್ನು ಮಾತ್ರ ಬಿದ್ದಲ್ಲಿಂದಲೇ ಆರಿಸುತ್ತಾರೆ. ಅದಕ್ಕಾಗಿ ಮರದಡಿಯ ನೆಲವನ್ನು ಅಮ್ಮ ಹಿಂದಿನ ಸಂಜೆಯೇ ಗುಡಿಸಿ ನೀರು ಚಿಮುಕಿಸಿಡಲು ಶುರುಮಾಡಿದಳು. ಬೈಯುತ್ತಿದ್ದವಳೇ ಹೀಗೆ ಮಾಡತೊಡಗಿದ್ದನ್ನು ಕಂಡು ನಾನು ಏನೂ ಹೇಳಲಿಲ್ಲ. ದೋಟಿ ಹಿಡಿದು ಬರುತ್ತಿದ್ದ ಒಬ್ಬ ಹಿರಿಯರು, ನಿವೃತ್ತ ಮೇಷ್ಟ್ರಿರಬೇಕು, ಎರಡು ವರ್ಷ ಕಳೆದ ಮೇಲೆ ದೋಟಿ ಬಿಟ್ಟು ಬರತೊಡಗಿದರು. ಹೂ ಆರಿಸಿ ಮುಗಿದ ಮೇಲೆ ಚರಂಡಿಯ ಚಪ್ಪಡಿಯ ಮೇಲೆ ಬಿದ್ದ ಕಸವನ್ನು ಕಾಲಿನಿಂದ ಒಂದು ಕಡೆ ಸರಿಸಿ ಹೋಗುತ್ತಿದ್ದರು.

ಮರವೊಂದು ಬೇಕೆಂದು ಮೊದಲಿನಿಂದಲೂ ಆಸೆಯಿತ್ತು. ಪೂರ್ವದ ಬದಿಯಲ್ಲಿ ವಿದ್ಯುತ್ ತಂತಿ ಹಾದುಹೋಗಿದೆ; ತಂತಿಯ ಕೆಳಗೆ ದೊಡ್ಡ ಮರ ನೆಟ್ಟರೆ ವರ್ಷಕ್ಕೊಮ್ಮೆ ಲೈನ್‌ಮನ್‌ಗಳು ಬಂದು ಅರ್ಧತಲೆ ಬೋಳಿಸಿದಂತೆ ಕಡಿದುಹೋಗುತ್ತಾರೆ, ತಪ್ಪು ಅವರದ್ದಲ್ಲ. ಹಾಗಾಗಿ ತಂತಿಯಿಲ್ಲದ ಉತ್ತರದ ಬದಿಗೆ ಹೊಂಗೆ ಬಂತು. ಕಂಬದಂತೆ ನೆಟ್ಟಗೆ ಬೆಳೆಯುವ, ಎಲ್ಲರೂ ಅಶೋಕವೆಂದು ಕರೆಯುವ (ಅದು ಅಶೋಕವಲ್ಲ, ಸೀತೆ ಕೂತಿದ್ದ ಮರ ಬೇರೆ) ಮರವನ್ನು ನೆಡಲು ಸಲಹೆ ಬಂದಿತ್ತು. ನೆರಳು ಕೊಡದ ಮರ ಬೀದಿಗೆ ಯಾಕೆಂದು ತೋರಿತು. ಹೊಂಗೆಯ ನೆರಳು ತಂಪೆಂಬುದು ಎಲ್ಲರೂ ಬಲ್ಲ ಮಾತು. ಅದರ ಬೇರು ಆಳಕ್ಕಿಳಿಯುತ್ತದೆ, ಆಲ ಅರಳಿಗಳಂತೆ ಗೋಡೆಯನ್ನು ಸೀಳುವುದಿಲ್ಲ. ದ್ವಿದಳ ಜಾತಿಯದ್ದಾದ್ದರಿಂದ ಮಣ್ಣಿಗೂ ಒಳ್ಳೆಯದು. ಚಳಿ ಮುಗಿಯುವ ಹೊತ್ತಿಗೆ ಎಲೆ ಉದುರಿಸಿ, ಯುಗಾದಿಗೆ ಎಳೆಹಸಿರು ಹೊದ್ದು ನಿಂತಾಗ ನೂರಡಿಯ ನನ್ನ ಎಲ್ಲ ಶ್ರಮ ಅದೊಂದರ ಮುಂದೆ ಸಣ್ಣದಾಗುತ್ತದೆ. ಬೀದಿಬದಿಗೆ ಮರ ನೆಡುವವರು ಒಂದನ್ನು ಮಾತ್ರ ತಿಳಿದಿರಬೇಕು: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ತೆಂಗು, ಸಿಲ್ವರ್ ಓಕ್‌ನಂಥ ಕೆಲವನ್ನು ಬಿಟ್ಟರೆ, ಮರ ನಮ್ಮ ಕಾಂಪೌಂಡಿನ ಒಳಗೇ ಇದ್ದರೂ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ನೆಡುವಾಗ ಯಾರನ್ನೂ ಕೇಳಬೇಕಿಲ್ಲ, ಕಡಿಯುವಾಗ ಕೇಳಬೇಕು. ಈ ಏರ್ಪಾಡು ನನಗೆ ಸರಿಯೆನಿಸುತ್ತದೆ.

ಬೀದಿಯಲ್ಲಿ ವರ್ಷವಿಡೀ ಯಾವುದಾದರೊಂದು ಮರ ಹೂ ಬಿಟ್ಟಿರಬೇಕೆಂಬ ಕಲ್ಪನೆಯನ್ನು ಬೆಂಗಳೂರಿಗೆ ಕೊಟ್ಟವರೆಂದು ಗುಸ್ತಾವ್ ಹರ್ಮನ್ ಕೃಂಬಿಗಲ್ ಅವರನ್ನು ನೆನೆಯುತ್ತಾರೆ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡಾ ಸಂಸ್ಥಾನದಲ್ಲಿ ದುಡಿದು, 1908ರಲ್ಲಿ ಲಾಲ್‌ಬಾಗಿಗೆ ಬಂದ ಈ ಜರ್ಮನ್ ತೋಟಗಾರ 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಒಂದು ರಸ್ತೆಯ ಗುಲಾಬಿ ಟಬೆಬೂಯಾ ಮುಗಿಯುವಷ್ಟರಲ್ಲಿ ಇನ್ನೊಂದು ರಸ್ತೆಯ ಜಕರಂಡಾ, ಅದು ಉದುರುವಾಗ ಮತ್ತೊಂದರ ಗುಲ್‌ಮೊಹರ್. ಊರಿಗೆ ಊರೇ ಪಂಚಾಂಗವಾಗುವ ಈ ಲೆಕ್ಕವನ್ನು ನಾನು ನನ್ನ ನೂರಡಿಗೆ ಇಳಿಸಿ ನೋಡಿದೆ. ಬೇಸಿಗೆಗೆ ಹೊಂಗೆ ಮತ್ತು ಗೇಟಿನಿಂದ ದೂರಕ್ಕೆ ಸರಿಸಿದ ಕಾಗದದ ಹೂ, ಮಳೆ ಹಿಡಿದ ಮೇಲೆ ಲಕ್ಕಿ, ನವರಾತ್ರಿಯ ಹೊತ್ತಿಗೆ ಪಾರಿಜಾತ, ಧನುರ್ಮಾಸದ ಚಳಿಗೆ ಸ್ಫಟಿಕದ ಹೂ, ವರ್ಷವಿಡೀ ಅಷ್ಟಿಷ್ಟು ನಂದಿಬಟ್ಟಲು ಮತ್ತು ದಾಸವಾಳ. ಲೆಕ್ಕ ಕಾಗದದಲ್ಲಿ ಕೂತಷ್ಟು ಚೆನ್ನಾಗಿ ಮಣ್ಣಿನಲ್ಲಿ ಕೂರಲಿಲ್ಲ. ಸ್ಫಟಿಕಕ್ಕೆ ಹೊಂಗೆಯ ನೆರಳು ಹೆಚ್ಚಾಗಿ ಎರಡು ವರ್ಷ ಹೂವೇ ಬಿಡಲಿಲ್ಲ.

ನೀರಿನ ಮಾತು. ರಸ್ತೆಗೆ ಟಾರು ಹಾಕಿದಾಗಲೆಲ್ಲ ಹಳೆಯದನ್ನು ಕೆತ್ತದೆ ಮೇಲೆ ಮೇಲೆ ಹಾಕುವುದರಿಂದ ರಸ್ತೆ ಏರುತ್ತದೆ, ಮನೆ ಇಳಿಯುತ್ತದೆ. ನಾವು ಬಂದಾಗ ನಮ್ಮ ಗೇಟಿನ ಹೊಸ್ತಿಲು ರಸ್ತೆಗಿಂತ ಅರ್ಧ ಅಡಿ ಮೇಲಿತ್ತು, ಈಗ ಸಮಸಮ. ಒಂದು ಜೋರು ಮಳೆಗೆ ಬೀದಿಯ ನೀರು ಅಂಗಳಕ್ಕೆ ನುಗ್ಗಿದ ಮೇಲೆ ಗೇಟಿನ ಉದ್ದಕ್ಕೂ ಅಡ್ಡಗಾಲುವೆ ತೆಗೆಸಿ ಕಬ್ಬಿಣದ ಜಾಲರಿ ಮುಚ್ಚಿಸಿದೆ. ಅಂಗಳದ ಅಂಚಿನಲ್ಲಿ, ಗೋಡೆಯಿಂದ ಐದಡಿ ಒಳಗೆ, ಮೂರು ಸಿಮೆಂಟ್ ರಿಂಗು ಇಳಿಸಿ ಇಂಗುಗುಂಡಿ ಮಾಡಿಸಿದೆ. ತಾರಸಿಯ ನೀರು ಈಗ ಅಲ್ಲಿಗೆ. ಮೈಸೂರಿನ ವರ್ಷದ ಮಳೆ ಸುಮಾರು 800 ಮಿಲಿಮೀಟರ್ ಎಂದು ಹಿಡಿದರೂ 1000 ಚದರಡಿ ತಾರಸಿಯ ಮೇಲೆ ಬೀಳುವುದು 74,000 ಲೀಟರ್. ಅಷ್ಟನ್ನೂ ಬೀದಿಗೆ ಬಿಟ್ಟು, ಬೀದಿಯ ಗಿಡಕ್ಕೆ ನಲ್ಲಿಯ ನೀರು ಹಾಕುತ್ತಿದ್ದೆನಲ್ಲ ಎಂದು ನಗು ಬಂತು. ಬೆಂಗಳೂರಿನಲ್ಲಿ 2009ರಿಂದ ಇಂಥ ನಿವೇಶನಗಳಿಗೆ ಮಳೆನೀರು ಕೊಯ್ಲು ಕಡ್ಡಾಯ. ನಾನು ಮಾಡಿಸಿದ್ದು ಕಾನೂನಿಗೆ ಹೆದರಿ ಅಲ್ಲ, ಆ ಮಳೆಗೆ ನೆನೆದ ದಿವಾನ್ ಮಂಚಕ್ಕೆ ಹೆದರಿ.

ಗೋಡೆಯ ವಿಷಯದಲ್ಲಿ ಮನೆಯಲ್ಲೇ ಜಗಳವಾಯಿತು. ಐದಡಿಯ ಗಟ್ಟಿಗೋಡೆಯನ್ನು ಎರಡೂವರೆ ಅಡಿಗೆ ಇಳಿಸಿ ಮೇಲಕ್ಕೆ ಕಬ್ಬಿಣದ ಸರಳು ಹಾಕಿಸುತ್ತೇನೆಂದಾಗ ನನ್ನ ಹೆಂಡತಿ ಕಳ್ಳರ ಮಾತೆತ್ತಿದಳು. ಗೋಡೆ ಎತ್ತರವಾದಷ್ಟೂ ಅದನ್ನು ಹಾರಿ ಒಳಗಿಳಿದವನನ್ನು ಬೀದಿಯವರು ಕಾಣುವುದಿಲ್ಲವೆಂಬುದು ನನ್ನ ವಾದ. ಒಪ್ಪಿಸಲು ಒಂದು ವರ್ಷ ಹಿಡಿಯಿತು, ಕೊನೆಗೂ ಅವಳು ಒಪ್ಪಿದ್ದು ಬೀದಿಯ ಗಾಳಿ ಅಡಿಗೆಮನೆಗೆ ಬರುತ್ತದೆಂಬ ಕಾರಣಕ್ಕೆ.

ಗೋಡೆ ಇಳಿದ ಮೇಲೆಯೇ ಜಗಲಿಯ ನೆನಪು ಬಂದದ್ದು. ಹೊಂಗೆಯ ಕೆಳಗೆ, ಗೋಡೆಗೆ ಆನಿಸಿ, ಎರಡು ಸೈಜುಗಲ್ಲಿನ ಮೇಲೆ ಐದಡಿಯ ಚಪ್ಪಡಿಯೊಂದನ್ನು ಇಡಿಸಿದೆ. ಸೊಪ್ಪಿನ ಬುಟ್ಟಿ ಹೊತ್ತು ಬರುವಾಕೆ ಮೊದಲ ದಿನವೇ ಬುಟ್ಟಿ ಇಳಿಸಿ ಕೂತಳು. ಮಧ್ಯಾಹ್ನ ಊಟ ತಲುಪಿಸುವ ಹುಡುಗರು ಮೊಬೈಲು ನೋಡುತ್ತ ಕೂರುತ್ತಾರೆ, ಶಿಶುವಿಹಾರ ಬಿಡುವ ಹೊತ್ತಿಗೆ ತಾಯಂದಿರು. ಆರು ತಿಂಗಳಾಗುವಷ್ಟರಲ್ಲಿ ರಾತ್ರಿಯ ಗಿರಾಕಿಗಳೂ ಬಂದರು. ಬೆಳಿಗ್ಗೆ ಬಾಟಲಿ, ಸಿಗರೇಟಿನ ತುಂಡು, ಅಕ್ಕಪಕ್ಕದವರ ಮುನಿಸು. ‘ನೀವೇ ಕರೆದು ಕೂರಿಸಿದ್ದೀರಿ’ ಎಂದರು ಒಬ್ಬರು, ಅದು ಸುಳ್ಳೂ ಆಗಿರಲಿಲ್ಲ. ಚಪ್ಪಡಿ ಕಿತ್ತುಹಾಕಲು ಮನಸ್ಸಾಗಲಿಲ್ಲ. ಹನ್ನೆರಡು ಅಡಿ ಆಚೆಗೆ, ನಮ್ಮ ಅಡಿಗೆಮನೆಯ ಕಿಟಕಿಯ ಬೆಳಕು ನೇರ ಬೀಳುವಲ್ಲಿಗೆ ಸರಿಸಿದೆ. ನೆರಳು ಸ್ವಲ್ಪ ಕಡಿಮೆಯಾಯಿತು, ರಾತ್ರಿಯವರು ಬೇರೆ ಕಡೆ ಹುಡುಕಿಕೊಂಡರು. ಯಾವ ಕಡೆ ಎಂದು ನಾನು ವಿಚಾರಿಸಲು ಹೋಗಿಲ್ಲ.

ಇಷ್ಟೆಲ್ಲ ಬರೆಯುತ್ತಿರುವಾಗ ಉತ್ತರದ ಬದಿ ಹೇಗಿದೆಯೆಂದೂ ಹೇಳಬೇಕು. ಈ ಫಾಲ್ಗುಣದಲ್ಲಿ ಚರಂಡಿ ಅಗಲ ಮಾಡುವ ಕೆಲಸ ಬಂತು. ಹಿಂದಿನ ದಿನ ಯಾರೋ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಹೋದರು, ಮರುದಿನ ಜೆಸಿಬಿ ಬಂತು. ಜಾಗ ನನ್ನದಲ್ಲವೆಂದು ಹದಿನಾಲ್ಕು ವರ್ಷದಿಂದ ಗೊತ್ತಿದ್ದರೂ ನೋಡುತ್ತ ನಿಲ್ಲುವುದು ಕಷ್ಟವಾಯಿತು. ಲಕ್ಕಿಯ ಸಾಲು, ಎರಡೂ ನಂದಿಬಟ್ಟಲು, ಪಾರಿಜಾತ, ಎಲ್ಲ ಅರ್ಧ ಗಂಟೆಯೊಳಗೆ ಮಣ್ಣಿನ ಗುಡ್ಡೆಯ ಮೇಲೆ ಬಿದ್ದಿದ್ದವು. ಹೊಂಗೆ ಉಳಿಯಿತು, ಒಂದು ಬದಿಯ ಬೇರು ಕತ್ತರಿಸಿಹೋಗಿದೆ. ಯುಗಾದಿಗೆ ಚಿಗುರಿತಾದರೂ ಆ ಕಡೆಯ ಕೊಂಬೆಗಳು ಇನ್ನೂ ಬೋಳು. ಮೂರಡಿಯ ಪಟ್ಟಿ ಈಗ ಒಂದಡಿ ಮೇಲೆ ಒಂಬತ್ತು ಅಂಗುಲ. ಚಪ್ಪಡಿಯನ್ನು ಕೆಲಸದವರು ಹೊಸ ಚರಂಡಿಯ ಮೇಲೆ ತಲೆಕೆಳಗಾಗಿ ಇಟ್ಟುಹೋಗಿದ್ದಾರೆ, ಸೊಪ್ಪಿನಾಕೆ ಅದರ ಮೇಲೆಯೇ ಕೂರುತ್ತಾಳೆ.

ಮೇಷ್ಟ್ರು ಎಂದಿನಂತೆ ಬೆಳಿಗ್ಗೆ ಬಂದು, ಪಾರಿಜಾತವಿದ್ದ ಜಾಗದ ಮುಂದೆ ಸ್ವಲ್ಪ ಹೊತ್ತು ನಿಂತು, ‘ಮತ್ತೆ ಯಾವಾಗ ಹಾಕ್ತೀರಿ ಸ್ವಾಮಿ?’ ಎಂದು ಕೇಳಿದರು. ಮುಂಗಾರು ಹಿಡಿಯಲಿ ಎಂದೆ. ಹತ್ತು ದಿನ ಬಿಟ್ಟು ಹಾಲಿನ ಕವರುಗಳಲ್ಲಿ ಮೂರು ಸಸಿ ತಂದು ಚಪ್ಪಡಿಯ ಮೇಲಿಟ್ಟರು. ಆರಿಸಿ ತಂದ ಹೂವಿನ ಜೊತೆ ಒಂದೆರಡು ಒಣಬೀಜವೂ ಬರುತ್ತಿದ್ದವಂತೆ, ಅವರ ಸೊಸೆ ಎಲ್ಲವನ್ನೂ ತುಳಸಿಯ ಕುಂಡಕ್ಕೆ ಹಾಕುತ್ತಿದ್ದಳಂತೆ. ಅಮ್ಮ ಕವರುಗಳನ್ನು ಒಳಗೆ ತಂದು ಸಂಪಿನ ಪಕ್ಕದ ನೆರಳಿನಲ್ಲಿಟ್ಟಿದ್ದಾಳೆ. ಒಂದು ಒಣಗಿದೆ, ಎರಡು ಗೇಣುದ್ದ ಬಂದಿವೆ. ಒಂದಡಿ ಒಂಬತ್ತು ಅಂಗುಲದಲ್ಲಿ ಪಾರಿಜಾತ ನಿಲ್ಲುತ್ತದೆಯೇ ಎಂದು ನಿನ್ನೆ ಸಂಜೆ ಟೇಪು ಹಿಡಿದು ಮತ್ತೊಮ್ಮೆ ಅಳೆದು ಬಂದೆ.